ಮೊಂಟಾನಾದ ಡಿಸೆಂಬರ್ ಬೇಟೆ: ಮದ್ದು ಜಡಿಯುವ ಕೋವಿಗೆ ಬೇರೆ ಹಂಗಾಮು ಬೇಕೇ?

ಪ್ರಶ್ನೆ: ಕೆಲಸದ ನಿಮಿತ್ತ ಕೆಲವು ವರ್ಷಗಳಿಂದ ಅಮೆರಿಕದ ಮೊಂಟಾನಾ ರಾಜ್ಯದ ಬೋಜ್‌ಮನ್‌ನಲ್ಲಿದ್ದೇನೆ. ಮೂಡಿಗೆರೆ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಹಳೆಯ ಕೇಪಿನ ಕೋವಿಯೊಂದಿತ್ತು. ಇಲ್ಲಿ ನೋಡಿದರೆ ಅಂಥ ಕೋವಿಗೆಂದೇ, ರೈಫಲ್ ಬೇಟೆ ಮುಗಿದ ಮೇಲೆ, ಡಿಸೆಂಬರಿನಲ್ಲಿ ಒಂಬತ್ತು ದಿನಗಳ ಪ್ರತ್ಯೇಕ ಹಂಗಾಮನ್ನು 2021ರಲ್ಲಿ ಸೇರಿಸಿದ್ದಾರೆ. ಪಕ್ಕದ ಮನೆಯವರು ಇದು ಪರಂಪರೆಗೆ ಸಂದ ಗೌರವ ಎನ್ನುತ್ತಾರೆ. ಪ್ರಾಣಿಗಳಿಗೆ ಉಳಿದಿದ್ದ ಒಂದಿಷ್ಟು ನೆಮ್ಮದಿಯನ್ನೂ ಕಿತ್ತುಕೊಂಡರು ಎಂಬುದು ಕಚೇರಿಯ ಸ್ನೇಹಿತರ ಮಾತು. ಹೀಗೆ ಹಂಗಾಮು ಸೇರಿಸುವುದು ಸರಿಯೇ? ಮುಂದಿನ ಡಿಸೆಂಬರಿನಲ್ಲಿ ನಾನೂ ಬೇಟೆಗೆ ಹೋಗಬಹುದೇ?

ಉತ್ತರ: ನಿಮ್ಮ ನೆರೆಯವರೂ ಸ್ನೇಹಿತರೂ ಇಬ್ಬರೂ ಅರ್ಧರ್ಧ ಸರಿ. ಯಾವ ಕೋವಿಯನ್ನು ಹಿಡಿಯಬೇಕು ಎಂಬುದನ್ನು ಮೊಂಟಾನಾದ ಶಾಸನ ಬಹಳ ಎಚ್ಚರದಿಂದ ಬರೆದಿದೆ, ಆದರೆ ದಿನಗಳ ಲೆಕ್ಕವನ್ನು ಅಷ್ಟು ಎಚ್ಚರದಿಂದ ಮಾಡಿಲ್ಲ ಎಂಬುದು ನನ್ನ ಅಭಿಪ್ರಾಯ. ಹೊಸ ಹಂಗಾಮು ಇದ್ದ ದಿನಗಳಲ್ಲೇ ಪಾಲು ಪಡೆದು ಬರುತ್ತದೆಯೋ, ಇದ್ದುದರ ಮೇಲೆ ಇನ್ನಷ್ಟು ಹೇರಿಕೆಯಾಗಿ ಬರುತ್ತದೆಯೋ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಮೊದಲು ಕೋವಿಯ ವಿಚಾರ. ನಿಮ್ಮ ಅಜ್ಜನ ಮನೆಯಲ್ಲಿದ್ದುದೂ ಇಲ್ಲಿಯವರು ಮಝಲ್‌ಲೋಡರ್ ಎನ್ನುವುದೂ ಒಂದೇ ಕುಲದವು. ನಳಿಗೆಯ ಬಾಯಿಂದ ಅಳತೆಯ ಮದ್ದು ಸುರಿದು, ಅದರ ಮೇಲೆ ಬಟ್ಟೆಯ ತುಣುಕಿನಲ್ಲಿ ಸುತ್ತಿದ ಸೀಸದ ಗುಂಡನ್ನಿಟ್ಟು, ಕೋಲಿನಿಂದ ಬುಡದವರೆಗೆ ಜಡಿದು, ಕೊನೆಗೆ ಹೊರಗಿನ ಮೊಲೆಯಂಥ ಕೊಳವೆಯ ಮೇಲೆ ಕೇಪು, ಎಂದರೆ ಬಡಿದರೆ ಸಿಡಿಯುವ ಪುಟ್ಟ ಟೋಪಿ, ಕೂರಿಸಬೇಕು. ಕಪ್ಪು ಮದ್ದೆಂದರೆ ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಶತಮಾನಗಳಿಂದ ಇದು ಹೆಚ್ಚು ಬದಲಾಗಿಲ್ಲ. ಕೇಪಿಗಿಂತ ಮೊದಲು ಇದ್ದುದು ಚಕಮಕಿ ಕಲ್ಲು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಬಡಿತಕ್ಕೆ ಸಿಡಿಯುವ ರಾಸಾಯನಿಕದಿಂದ ಕೋವಿಗೆ ಬೆಂಕಿ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆಯೇ ಕೇಪಿನ ದಾರಿ ತೆರೆಯಿತು.

ಬೇಟೆಯ ದೃಷ್ಟಿಯಿಂದ ಈ ಕೋವಿಯ ಗುಣ ಒಂದೇ ಮಾತಿನಲ್ಲಿದೆ: ಒಂದೇ ಈಡು. ಎರಡನೆಯದಕ್ಕೆ ಪಳಗಿದ ಕೈಗೂ ಅರ್ಧ ನಿಮಿಷವಾದರೂ ಬೇಕು; ಹಿಮದಲ್ಲಿ, ಕೈಗವಸಿನಲ್ಲಿ, ಎದುರಿಗೆ ಪ್ರಾಣಿ ಇರುವಾಗ ಇನ್ನೂ ಹೆಚ್ಚು. ಅರ್ಧ ಅಂಗುಲದ ನಳಿಗೆಯ ದುಂಡು ಗುಂಡು ಸುಮಾರು 11 ಗ್ರಾಂ ತೂಗುತ್ತದೆ. ದುಂಡಾಗಿರುವುದರಿಂದಲೇ ಅದು ಗಾಳಿಯಲ್ಲಿ ಬೇಗ ಸೊರಗುತ್ತದೆ. ನೂರು ಗಜ ಮುಟ್ಟುವಷ್ಟರಲ್ಲಿ ಹೊರಟಾಗಿನ ವೇಗದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಳೆದುಕೊಂಡಿರುತ್ತದೆ, ಹೊಡೆತದ ಶಕ್ತಿ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಆದ್ದರಿಂದ ನೂರು ಗಜವೇ ಮರ್ಯಾದಸ್ಥ ಬೇಟೆಗಾರನ ಗಡಿ, ಅನೇಕರಿಗೆ ಅದಕ್ಕಿಂತ ಕಡಿಮೆ. ದುರ್ಬೀನಿನ ರೈಫಲ್ ಹಿಡಿದವನು ಮುನ್ನೂರು ಗಜದಿಂದ ಹೊಡೆಯುವ ಎಲ್ಕನ್ನು (ನಮ್ಮ ಕಡವೆಯ ದೂರದ ನೆಂಟ) ಮಝಲ್‌ಲೋಡರ್ ಹಿಡಿದವನು ಸುಮ್ಮನೆ ನೋಡಿ ಹಿಂದಿರುಗಬೇಕಾಗುತ್ತದೆ. ಪ್ರತ್ಯೇಕ ಹಂಗಾಮಿನ ವಾದವೆಲ್ಲ ಈ ಅಸಾಮರ್ಥ್ಯದ ಮೇಲೆ ನಿಂತಿದೆ. ಅದು ಕರಗಿದರೆ ವಾದವೂ ಕರಗುತ್ತದೆ.

ಕರಗಿದ ಉದಾಹರಣೆ ಬೇಕಾದಷ್ಟಿವೆ. 1985ರಲ್ಲಿ ಟೋನಿ ನೈಟ್ ಎಂಬವರು ರೂಪಿಸಿದ ಕೋವಿಯಲ್ಲಿ ಬೆಂಕಿಯ ಕೇಪು ನಳಿಗೆಯ ಪಕ್ಕದಲ್ಲಿರದೆ, ನಳಿಗೆಯ ನೇರದಲ್ಲೇ ಬುಡಕ್ಕೆ ಬಂತು. ಇನ್‌ಲೈನ್ ಎಂಬ ಹೆಸರಿನಲ್ಲಿ ಹಬ್ಬಿದ ಈ ಮಾದರಿಗೆ ಬರಬರುತ್ತ ಬಿಲ್ಲೆಗಳಾಗಿ ಒತ್ತಿದ ಮದ್ದು, ಪ್ಲಾಸ್ಟಿಕ್ ಕವಚ ತೊಟ್ಟ ಚೂಪು ಗುಂಡು, ಮಳೆಗೆ ಅಂಜದ ಬಲವಾದ ಕೇಪು ಮತ್ತು ದುರ್ಬೀನು ಎಲ್ಲವೂ ಸೇರಿಕೊಂಡವು. ಇಂದಿನ ಒಳ್ಳೆಯ ಇನ್‌ಲೈನ್ ಕೋವಿ ಇನ್ನೂರು ಗಜದಾಚೆಗೂ ನೆಚ್ಚಿಕೆಯಿಂದ ಹೊಡೆಯುತ್ತದೆ. ಮದ್ದು ಬಾಯಿಂದಲೇ ಹೋಗುತ್ತದೆ ನಿಜ. ಆದರೆ ಅದನ್ನು ಪುರಾತನ ಆಯುಧ ಎನ್ನುವುದು ಬಾಳೆಲೆಯ ಮೇಲೆ ಪಿಜ್ಜಾ ಬಡಿಸಿ ಹಬ್ಬದೂಟ ಎಂದಂತೆ. ಯೂಟಾ ರಾಜ್ಯ 2016ರಲ್ಲಿ ಮಝಲ್‌ಲೋಡರ್ ಬೇಟೆಗೆ ದೂರವನ್ನು ಹತ್ತಿರ ತೋರಿಸುವ ದುರ್ಬೀನುಗಳನ್ನು ಬಿಟ್ಟುಕೊಟ್ಟಿತು. ಎಂಟು ವರ್ಷ ಕಳೆದು, 2024ರಲ್ಲಿ, ಅವನ್ನು ಹಿಂತೆಗೆದುಕೊಂಡಿತು. ನ್ಯೂ ಮೆಕ್ಸಿಕೋ ಕೂಡ ಅದಕ್ಕೆ ಸ್ವಲ್ಪ ಮೊದಲು ಇದೇ ದಾರಿ ಹಿಡಿದಿತ್ತು. ಅಷ್ಟರಲ್ಲಿ ಸಾವಿರಾರು ಜನ ದುಬಾರಿ ಕೋವಿ ಕೊಂಡಿರುತ್ತಾರೆ, ಅವರ ಸಿಟ್ಟನ್ನೂ ಅಧಿಕಾರಿಗಳೇ ಎದುರಿಸಬೇಕು. ಇದಕ್ಕೆ ತದ್ವಿರುದ್ಧವಾಗಿ ಪೆನ್ಸಿಲ್ವೇನಿಯಾ 1974ರಲ್ಲಿ ಪ್ರಾರಂಭಿಸಿದ ಚಳಿಗಾಲದ ಹಂಗಾಮಿಗೆ ಚಕಮಕಿ ಕಲ್ಲಿನ ಕೋವಿಯೇ ಆಗಬೇಕೆಂದು ನಿಯಮ ಮಾಡಿತು. ಅರ್ಧ ಶತಮಾನವಾದರೂ ಕಲ್ಲು ಕಲ್ಲಾಗಿಯೇ ಉಳಿದಿದೆ. ಬೆಂಕಿ ಹೊತ್ತುವ ಬಗೆಯನ್ನೇ ನಿಯಮದಲ್ಲಿ ಹೆಸರಿಸಿ ಬರೆದದ್ದರಿಂದ ಕಾರ್ಖಾನೆಯವರಿಗೆ ನುಸುಳಲು ಸಂದು ಸಿಗಲಿಲ್ಲ.

ಮೊಂಟಾನಾದವರು ತಡವಾಗಿ ಬಂದರೂ ಈ ಪಾಠ ಕಲಿತೇ ಬಂದರು. ಅಲ್ಲಿ ಸಾಮಾನ್ಯ ಹಂಗಾಮಿನಲ್ಲಿ, ಎಂದರೆ ರೈಫಲ್ ಹಂಗಾಮಿನಲ್ಲಿ, ಮಝಲ್‌ಲೋಡರ್ ಹಿಡಿದು ಹೋಗಲು ಎಂದೂ ಅಡ್ಡಿಯಿರಲಿಲ್ಲ; ಅದಕ್ಕೆಂದೇ ಮೀಸಲಾದ ದಿನಗಳು ಮಾತ್ರ ಇರಲಿಲ್ಲ. 2021ರಲ್ಲಿ ಶಾಸನಸಭೆ 242ನೆಯ ಸಂಖ್ಯೆಯ ಮಸೂದೆಯನ್ನು ಅಂಗೀಕರಿಸಿ, ಸಾಮಾನ್ಯ ಹಂಗಾಮು ಮುಗಿದ ಅನಂತರದ ಎರಡನೆಯ ಶನಿವಾರದಿಂದ ಒಂಬತ್ತು ದಿನಗಳನ್ನು ಪರಂಪರೆಯ ಹಂಗಾಮು ಎಂದು ಕರೆಯಿತು. ಮೊದಲ ವರ್ಷ ಅದು ಡಿಸೆಂಬರ್ 11ರಿಂದ 19ರವರೆಗೆ ಬಿತ್ತು. ನಳಿಗೆಯ ವ್ಯಾಸ ಕನಿಷ್ಠ .45 ಅಂಗುಲ, ನಳಿಗೆಗಳು ಎರಡಕ್ಕಿಂತ ಹೆಚ್ಚಿರಬಾರದು, ಮದ್ದು ಪುಡಿಯಾಗಿಯೇ ಇರಬೇಕು, ಗುಂಡು ಬರಿಯ ಸೀಸದ್ದು, ಗುರಿಗೆ ಬರಿಗಣ್ಣು. ಬೆಂಕಿ ಚಕಮಕಿಯಿಂದಲೋ ಬತ್ತಿಯಿಂದಲೋ ಹೊರಗಿನ ಕೇಪಿನಿಂದಲೋ ಬರಬೇಕು. ಬುಡದಲ್ಲಿ ಕೇಪು ತೂರಿಸುವ ಇನ್‌ಲೈನ್ ಬಗೆ, ಗುಂಡಿನ ಪ್ಲಾಸ್ಟಿಕ್ ಕವಚ, ಮೊದಲೇ ಕಟ್ಟಿಟ್ಟ ತೋಟಾ, ದುರ್ಬೀನು, ಇವೆಲ್ಲ ನಿಷಿದ್ಧ. ನೆರೆಯ ಐಡಾಹೊ ರಾಜ್ಯದ ನಿಯಮಗಳ ಧಾಟಿಯೂ ಬಹುಮಟ್ಟಿಗೆ ಇದೇ. ಹೊಸ ಹಂಗಾಮನ್ನು ಸೇರಿಸಬೇಕೆಂದಿರುವ ಯಾವ ನಾಡಾದರೂ ಆಯುಧದ ಭಾಗವನ್ನು ಮೊಂಟಾನಾದಿಂದ ಹಾಗೆಯೇ ಎತ್ತಿಕೊಳ್ಳಬಹುದು.

ಇನ್ನು ದಿನಗಳ ಲೆಕ್ಕ. ಅಮೆರಿಕದಲ್ಲಿ ವನ್ಯಪ್ರಾಣಿ ಯಾರ ಖಾಸಗಿ ಸ್ವತ್ತೂ ಅಲ್ಲ, ಜನರ ಪರವಾಗಿ ರಾಜ್ಯ ಸರ್ಕಾರ ಅದನ್ನು ಕಾಯುತ್ತದೆ. ಹೀಗಾಗಿ ಹಂಗಾಮು ಎಂಬುದು ಒಂದು ಹಂಚಿಕೆಯ ಪತ್ರ. ಪ್ರಾಣಿಗಳ ಸಂತತಿಗೆ ಧಕ್ಕೆಯಾಗದಂತೆ ಎಷ್ಟನ್ನು ತೆಗೆಯಬಹುದು, ಅಷ್ಟನ್ನು ಬಿಲ್ಲಿನವರು, ರೈಫಲ್ಲಿನವರು, ಮಝಲ್‌ಲೋಡರ್‌ನವರು ಹೇಗೆ ಹಂಚಿಕೊಳ್ಳಬೇಕು ಎಂಬುದು ಅದರ ಒಕ್ಕಣೆ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಂದು ಕಣಿವೆಯಲ್ಲಿ ನೂರು ಎಲ್ಕ್ ತೆಗೆಯಬಹುದು ಎಂದಿಟ್ಟುಕೊಳ್ಳಿ. ರೈಫಲ್ ಹಿಡಿದ ನಾಲ್ವರಲ್ಲಿ ಒಬ್ಬರಿಗೆ ಬೇಟೆ ಸಿಗುವುದಾದರೆ ನಾನೂರು ಜನರಿಗೆ ಪರವಾನಗಿ ಕೊಡಬಹುದು. ಮಝಲ್‌ಲೋಡರ್ ಹಿಡಿದ ಎಂಟು ಮಂದಿಯಲ್ಲಿ ಒಬ್ಬರಿಗಷ್ಟೇ ಸಿಗುವುದಾದರೆ ಅದೇ ನೂರು ಎಲ್ಕಿಗೆ ಎಂಟುನೂರು ಜನ ಕಾಡು ತಿರುಗಬಹುದು. ಪ್ರಾಣಿಯ ಲೆಕ್ಕ ಏರದೆ ಮನುಷ್ಯರ ಲೆಕ್ಕ ಮಾತ್ರ ಏರುತ್ತದೆ. ಮಝಲ್‌ಲೋಡರ್ ಹಂಗಾಮಿನ ಪರವಾಗಿ ನಾನು ಕಂಡ ಅತ್ಯಂತ ಪ್ರಾಮಾಣಿಕ ವಾದ ಇದೇ.

ಆದರೆ ಈ ವಾದ ನಿಲ್ಲಬೇಕಾದರೆ ಒಬ್ಬನಿಗೆ ಒಂದೇ ಪಾಲು ಎಂಬ ಕಟ್ಟುಪಾಡು ಇರಬೇಕು. ಕೊಲೊರಾಡೊದಲ್ಲಿ ಮಝಲ್‌ಲೋಡರ್ ಪರವಾನಗಿಯನ್ನು ಲಾಟರಿಯಲ್ಲಿ ಹಂಚುತ್ತಾರೆ. ಸೆಪ್ಟೆಂಬರ್ ಮಧ್ಯದ ಒಂಬತ್ತು ದಿನಗಳಿಗೆ ಅರ್ಜಿ ಹಾಕಿದವರಿಗೆಲ್ಲ ಅದು ಸಿಗುವುದಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಜಿಂಕೆ ಮತ್ತು ಎಲ್ಕ್ ಬೇಟೆಗೆ ಬಿಲ್ಲು, ಆಧುನಿಕ ಬಂದೂಕು, ಮಝಲ್‌ಲೋಡರ್ ಇವುಗಳಲ್ಲಿ ಒಂದನ್ನು ಮುಂಚೆಯೇ ಆರಿಸಿಕೊಂಡು ಆ ವರ್ಷವೆಲ್ಲ ಅದಕ್ಕೇ ಬದ್ಧರಾಗಿರಬೇಕು. ಮೊಂಟಾನಾದಲ್ಲಿ ಹಾಗಿಲ್ಲ. ಸಾಮಾನ್ಯ ಹಂಗಾಮಿನ ಕೊನೆಯ ದಿನದವರೆಗೆ ಖಾಲಿ ಉಳಿದ ಪರವಾನಗಿಯೇ ಡಿಸೆಂಬರಿನಲ್ಲೂ ನಡೆಯುತ್ತದೆ. ಸೆಪ್ಟೆಂಬರಿನ ಆದಿಯಿಂದ ಬಿಲ್ಲು ಹಿಡಿದು ಅಲೆದವನು, ಅಕ್ಟೋಬರ್ ಅಂತ್ಯದಿಂದ ಐದು ವಾರ ರೈಫಲ್ ಹಿಡಿದು ಅಲೆದವನು, ಎರಡರಲ್ಲೂ ಬರಿಗೈಯಾದರೆ ಮಝಲ್‌ಲೋಡರ್ ಎತ್ತಿಕೊಂಡು ಮತ್ತೆ ಹೊರಡಬಹುದು. ಇದು ಪಾಲಲ್ಲ, ಉಂಡವರಿಗೆ ಇನ್ನೊಂದು ಪಂಕ್ತಿ. ಅಡುಗೆ ಮಾತ್ರ ಮೊದಲಿನಷ್ಟೇ.

ಇದರಿಂದ ಪ್ರಾಣಿಗಳಿಗೆ ಆಗುವುದೇನು? ಇಲ್ಲಿ ಎಲ್ಕನ್ನೂ ಮ್ಯೂಲ್ ಡಿಯರ್ ಎಂಬ ಜಿಂಕೆಯನ್ನೂ ಬೇರೆಬೇರೆಯಾಗಿ ನೋಡಬೇಕು. ಎಲ್ಕ್ ಸೆಪ್ಟೆಂಬರಿನಲ್ಲಿ ಬೆದೆಗೆ ಬರುತ್ತದೆ. ಡಿಸೆಂಬರಿನಲ್ಲಿ ಗಬ್ಬದ ಹೆಣ್ಣುಗಳಿಗೆ ಸುಮಾರು ಮೂರು ತಿಂಗಳು. ಮೊಂಟಾನಾದ ಎಷ್ಟೋ ವಲಯಗಳಲ್ಲಿ ಎಲ್ಕಿನ ಸಂಖ್ಯೆ ಇಲಾಖೆಯ ಗುರಿಗಿಂತ ಹೆಚ್ಚೇ ಇದೆ. ಅದನ್ನು ತಗ್ಗಿಸಲೆಂದೇ 2015ರಿಂದ, ಮುಖ್ಯವಾಗಿ ಖಾಸಗಿ ಜಮೀನುಗಳಲ್ಲಿ ಹೆಣ್ಣು ಎಲ್ಕಿನ ಬೇಟೆಗೆ, ಆಗಸ್ಟ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೂ ಹರಡಬಲ್ಲ, ಸಾಮಾನ್ಯ ಹಂಗಾಮಿನ ಹಿಂದೆಮುಂದೆ ಬರುವ ಹೆಚ್ಚುವರಿ ಹಂಗಾಮುಗಳನ್ನು ತೆರೆದಿದ್ದಾರೆ. ಫೆಬ್ರವರಿಯವರೆಗೆ ರೈಫಲ್ ಸದ್ದು ಕೇಳಬಹುದಾದಲ್ಲಿ ಡಿಸೆಂಬರಿನ ಒಂಬತ್ತು ದಿನದ ಹೊಗೆಕೋವಿಯಿಂದ ಎಲ್ಕ್ ಕುಲಕ್ಕೆ ಮುಳುಗುವುದೇನೂ ಇಲ್ಲ. ನಿಮ್ಮ ಸ್ನೇಹಿತರು ಎಲ್ಕಿನ ಪರವಾಗಿ ಮಾತಾಡುವುದಾದರೆ ಮೊದಲು ಆ ದೀರ್ಘ ಹಂಗಾಮಿನ ಬಗ್ಗೆ ಮಾತಾಡಬೇಕು.

ಮ್ಯೂಲ್ ಡಿಯರಿನ ಕಥೆ ಬೇರೆ, ನನ್ನ ಆತಂಕವೂ ಅಲ್ಲಿಯೇ. ಹೇಸರಗತ್ತೆಯಂಥ ಕಿವಿಗಳ ಈ ಜಿಂಕೆ ನವೆಂಬರಿನ ನಡುವಿನಲ್ಲಿ ಬೆದೆಗೆ ಬರುತ್ತದೆ, ಮೊಂಟಾನಾದ ರೈಫಲ್ ಹಂಗಾಮು ಆ ಬೆದೆಗಾಲದ ಮೇಲೆಯೇ ಹಾಯುತ್ತದೆ. ಬೆದೆಯಲ್ಲಿ ಮೇವು ಬಿಟ್ಟು ಹೆಣ್ಣಿನ ಹಿಂದೆ ಓಡಿದ ಗಂಡು, ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬನ್ನು ಬಹುಪಾಲು ಖರ್ಚು ಮಾಡಿಕೊಂಡು ಡಿಸೆಂಬರಿಗೆ ಕಾಲಿಡುತ್ತದೆ. ಅಲ್ಲಿಂದ ವಸಂತದವರೆಗೆ ಅದರ ಬದುಕು ಉಳಿತಾಯದ್ದು: ಕಡಿಮೆ ನಡೆ, ಬಿಸಿಲು ಬೀಳುವ ದಕ್ಷಿಣದ ಇಳಿಜಾರಿನಲ್ಲಿ ನಿಲ್ಲು, ಒಣ ಪೊದೆಯನ್ನು ಕಡಿ. ಆ ಕಾಲದ ಮೇವು ದಿನದ ಖರ್ಚಿಗೇ ಸಾಲದು. ಮೊಣಕಾಲು ಹೂಳುವ ಹಿಮದಲ್ಲಿ ಬೆದರಿ ಒಂದು ಗುಡ್ಡ ದಾಟಿ ಓಡಿದರೆ ತೆತ್ತ ಕೊಬ್ಬು ಏಪ್ರಿಲ್ ಕಳೆಯುವ ತನಕ ಮರಳಿ ಬರುವುದಿಲ್ಲ. ಗುಂಡು ತಗಲಿದ ಪ್ರಾಣಿಯನ್ನಷ್ಟೇ ಎಣಿಸುವ ಲೆಕ್ಕಪುಸ್ತಕದಲ್ಲಿ ಈ ಖರ್ಚು ಕಾಣುವುದಿಲ್ಲ. ಅಲ್ಲದೆ, ಹಿಮ ಬಿದ್ದಾಗ ಜಿಂಕೆಗಳು ಎತ್ತರದಿಂದ ಇಳಿದು ಕೆಲವೇ ತಗ್ಗುಗಳಲ್ಲಿ ಗುಂಪುಗೂಡುತ್ತವೆ. ನೂರು ಗಜ ಹತ್ತಿರ ಹೋಗಬೇಕೆಂಬ ಕಷ್ಟ ಅಕ್ಟೋಬರಿನಲ್ಲಿ ಇದ್ದಷ್ಟು ಡಿಸೆಂಬರಿನಲ್ಲಿ ಇರುವುದಿಲ್ಲ. ಕೋವಿಯ ಅಸಾಮರ್ಥ್ಯವನ್ನು ಕಾಲವೇ ತುಂಬಿಕೊಡುತ್ತದೆ. ಮೊಂಟಾನಾದ ಪೂರ್ವ ಭಾಗದಲ್ಲಿ ಮ್ಯೂಲ್ ಡಿಯರ್ ಇತ್ತೀಚಿನ ವರ್ಷಗಳಲ್ಲಿ ಕುಸಿದಿರುವಾಗ, ಬದುಕುಳಿದ ದೊಡ್ಡ ಗಂಡುಗಳ ಮೇಲೆ ಇನ್ನೊಂದು ಒತ್ತಡ ಹೇರುವುದಕ್ಕೆ ನನಗೆ ಸಮರ್ಥನೆ ಕಾಣುವುದಿಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಡಿಸೆಂಬರಿನ ಮೊಂಟಾನಾದಲ್ಲಿ ಬೆಳಗಿನ ಜಾವ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಆ ಚಳಿಯಲ್ಲಿ, ಇಷ್ಟೊಂದು ನಿಷೇಧಗಳ ಕೋವಿ ಹೊತ್ತು ಹೊರಡುವವರು ರೈಫಲ್ ಹಂಗಾಮಿನ ಜನಜಂಗುಳಿಯ ಎದುರು ಬೆರಳೆಣಿಕೆ. ಇಂದಿನ ಹಾನಿ ದೊಡ್ಡದಲ್ಲ. ನನ್ನ ತಕರಾರು ಇರುವುದು ಹಾನಿ ದೊಡ್ಡದಾದ ದಿನ ಏನು ಮಾಡುತ್ತೀರಿ ಎಂಬಲ್ಲಿ. ಸಾಮಾನ್ಯವಾಗಿ ಬೇಟೆಯ ದಿನಗಳನ್ನು ನಿಗದಿಪಡಿಸುವುದು ಜೀವವಿಜ್ಞಾನಿಗಳ ಎಣಿಕೆಯನ್ನು ಕೇಳಿ, ಸಾರ್ವಜನಿಕರ ಅಹವಾಲು ಆಲಿಸಿ, ತೀರ್ಮಾನಿಸುವ ಮೀನು ಮತ್ತು ವನ್ಯಜೀವಿ ಆಯೋಗ. ಈ ಒಂಬತ್ತು ದಿನಗಳನ್ನು ಮಾತ್ರ ಶಾಸನದಲ್ಲೇ ಬರೆದಿಟ್ಟಿದ್ದಾರೆ. ಅದನ್ನು ತಿದ್ದಬೇಕಾದರೆ ಶಾಸನಸಭೆ ಕೂಡಬೇಕು, ಮೊಂಟಾನಾದ ಶಾಸನಸಭೆ ವಾಡಿಕೆಯಾಗಿ ಕೂಡುವುದು ಎರಡು ವರ್ಷಕ್ಕೊಮ್ಮೆ. ಹಿಮ ಅಷ್ಟು ತಾಳ್ಮೆಯಿಂದ ಕಾಯುವುದಿಲ್ಲ.

ಪರಂಪರೆಯ ಮಾತಿಗೂ ಉತ್ತರಿಸಬೇಕು, ಏಕೆಂದರೆ ನಿಮ್ಮ ನೆರೆಯವರು ಅದನ್ನು ಸುಮ್ಮನೆ ಹೇಳಿದ್ದಲ್ಲ. ಮೊಂಟಾನಾದ ಸಂವಿಧಾನಕ್ಕೆ 2004ರಲ್ಲಿ ಸೇರಿಸಿದ ವಿಧಿಯೊಂದು ಮೀನು ಮತ್ತು ಬೇಟೆಯ ಪ್ರಾಣಿಗಳನ್ನು ಹಿಡಿಯುವ ಅವಕಾಶವನ್ನು ಪರಂಪರೆ ಎಂದೇ ಕರೆಯುತ್ತದೆ. 1806ರ ಜುಲೈನಲ್ಲಿ ಅನ್ವೇಷಕ ವಿಲಿಯಂ ಕ್ಲಾರ್ಕ್ ಅವರ ತಂಡ ಚಕಮಕಿ ಕೋವಿಗಳನ್ನು ಹೊತ್ತು ನಿಮ್ಮ ಊರಿನ ಪೂರ್ವಕ್ಕಿರುವ ಘಾಟಿಯನ್ನೇ ದಾಟಿತು. ಅನಂತರದ ದಶಕಗಳಲ್ಲಿ ತುಪ್ಪಳದ ವ್ಯಾಪಾರಿಗಳು ಮಿಸ್ಸೂರಿ ನದಿಯುದ್ದಕ್ಕೂ ತಂದದ್ದು ಇದೇ ಕುಲದ ಕೋವಿಗಳನ್ನು. 1880ರ ದಶಕದ ಮೊದಲ ವರ್ಷಗಳಲ್ಲಿ ಉತ್ತರದ ಕಾಡೆಮ್ಮೆಗಳ ಕೊನೆಯ ದೊಡ್ಡ ಹಿಂಡನ್ನು ಚರ್ಮಕ್ಕಾಗಿ ಸಂಹರಿಸಿದವರ ಕೈಯಲ್ಲಿ ಮುಖ್ಯವಾಗಿ ಇದ್ದುದು ಬುಡದಿಂದ ತೋಟಾ ತುಂಬುವ ರೈಫಲ್. ನಿಧಾನದ ಕೋವಿಯನ್ನೇ ಪರಂಪರೆ ಎಂದು ಆರಿಸಿಕೊಂಡದ್ದರಲ್ಲಿ, ಶಾಸನ ಬರೆದವರು ಉದ್ದೇಶಿಸಿದ್ದರೋ ಇಲ್ಲವೋ, ಒಂದು ವಿವೇಕವಿದೆ.

ಆದರೆ ಕೋವಿಯ ಪರಂಪರೆ ಬೇರೆ, ಬೇಟೆಯ ದಿನಗಳ ಹಕ್ಕು ಬೇರೆ. ಕೊಡಗನ್ನೇ ನೋಡಿ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಅಲ್ಲಿಯ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಎಂಬ ಹೂವಿನ ಅಲಂಕಾರ, ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ಎಲ್ಲವೂ ನಡೆಯುತ್ತವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಕೋವಿಯನ್ನು ಕಡವೆಯತ್ತ ತಿರುಗಿಸಲು ಯಾರಿಗೂ ಬಿಡುವುದಿಲ್ಲ. ಮೊಂಟಾನಾ ಬೇಟೆ ನಿಲ್ಲಿಸಬೇಕು ಎಂದು ಇದನ್ನು ಹೇಳುತ್ತಿಲ್ಲ, ಅಲ್ಲಿನ ಕಾಡು, ಜನಸಂಖ್ಯೆ, ಕಾನೂನು ಎಲ್ಲವೂ ಬೇರೆ. ಪರಂಪರೆ ಎಂಬ ಒಂದೇ ಕಾರಣಕ್ಕೆ ಡಿಸೆಂಬರ್ ತಿಂಗಳೇ ಬೇಕೆಂಬ ತರ್ಕ ಹುಟ್ಟುವುದಿಲ್ಲ ಎನ್ನುವಷ್ಟೇ ನನ್ನ ಮಾತು. ಕ್ಲಾರ್ಕ್ ಬಂದದ್ದಂತೂ ಜುಲೈನಲ್ಲಿ.

ಹಾಗಾದರೆ ಹೇಗೆ ಸೇರಿಸಬೇಕಿತ್ತು? ಐದು ವಾರದ ರೈಫಲ್ ಹಂಗಾಮಿನಿಂದಲೇ ಒಂಬತ್ತು ದಿನಗಳನ್ನು ಕತ್ತರಿಸಿ ಮಝಲ್‌ಲೋಡರಿಗೆ ಕೊಡುವುದು ಒಂದು ದಾರಿ. ಮ್ಯೂಲ್ ಡಿಯರಿಗೆ ಬೆದೆಗಾಲದ ಕೊನೆಯ ವಾರದಲ್ಲಿ ರೈಫಲ್ಲಿನಿಂದ ಬಿಡುವು ಸಿಕ್ಕರೆ ಆ ಕುಲಕ್ಕೆ ನಿಜವಾದ ಲಾಭ. ರೈಫಲ್ಲಿನವರ ಸಂಖ್ಯೆ ದೊಡ್ಡದಾದ್ದರಿಂದ ಇದಕ್ಕೆ ಮತ ಸಿಗುವುದು ಕಷ್ಟ. ಎರಡನೆಯದು ವಾಷಿಂಗ್ಟನ್ನಿನ ದಾರಿ: ಡಿಸೆಂಬರಿನಲ್ಲಿ ಹೋಗಬೇಕೆನ್ನುವವರು ರೈಫಲ್ಲಿನ ವಾರಗಳನ್ನು ಮುಂಚೆಯೇ ಬಿಟ್ಟುಕೊಡಲಿ. ಇವೆರಡೂ ಆಗದಿದ್ದರೆ, ಕನಿಷ್ಠ ಪಕ್ಷ ಈ ಹಂಗಾಮನ್ನು ಎಲ್ಕಿಗೂ ಬಿಳಿಬಾಲದ ಜಿಂಕೆಗೂ ಸೀಮಿತಗೊಳಿಸಿ ಮ್ಯೂಲ್ ಡಿಯರನ್ನು ಹೊರಗಿಡಬೇಕು, ದಿನಾಂಕದ ಅಧಿಕಾರವನ್ನು ಆಯೋಗಕ್ಕೆ ಮರಳಿಸಬೇಕು. ನನ್ನನ್ನು ಕೇಳಿದರೆ ಎರಡನೆಯ ದಾರಿಯೇ ಒಳ್ಳೆಯದು: ಮದ್ದಿನ ಹೊಗೆಯನ್ನು ನಿಜವಾಗಿ ಪ್ರೀತಿಸುವವರು ಯಾರೆಂಬುದು ಅಲ್ಲಿ ತಾನಾಗಿಯೇ ತಿಳಿಯುತ್ತದೆ.

ಇನ್ನು ನೀವು ಹೋಗಬಹುದೇ ಎಂಬ ಪ್ರಶ್ನೆ. ಪರವಾನಗಿ ಇದ್ದರೆ ಹೋಗಬಹುದು. 1985ರ ಜನವರಿ 1ರ ಅನಂತರ ಹುಟ್ಟಿದವರಾದರೆ ಬೇಟೆಗಾರರ ತರಬೇತಿ ಮುಗಿಸಿರಬೇಕು, ಸೊಂಟದಿಂದ ಮೇಲೆ ಕನಿಷ್ಠ 400 ಚದರ ಅಂಗುಲ ಕಿತ್ತಳೆ ಬಣ್ಣದ ಬಟ್ಟೆ ಕಾಣುವಂತಿರಬೇಕು. ನನ್ನ ಸಲಹೆ, ಎಲ್ಕಿಗಾಗಿ ಹೋಗಿ, ಮ್ಯೂಲ್ ಡಿಯರನ್ನು ಬಿಟ್ಟುಬಿಡಿ. ಅದಕ್ಕೆ ಮೊದಲು ಬೇಸಿಗೆಯಿಡೀ ಕಾಗದದ ಗುರಿಗೆ ಹೊಡೆದು, ಐದಕ್ಕೆ ಐದು ಗುಂಡೂ ಊಟದ ತಟ್ಟೆಯಷ್ಟು ಜಾಗದಲ್ಲಿ ಬೀಳುವ ದೂರ ಎಷ್ಟೆಂದು ಕಂಡುಕೊಳ್ಳಿ. ಅದು ಅರವತ್ತು ಗಜವಾದರೆ ಅರವತ್ತೇ ನಿಮ್ಮ ಗಡಿ. ಮದ್ದು ತೇವವನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ತುಂಬಿದ ಕೋವಿಯನ್ನು ಬೆಚ್ಚಗಿನ ಕೋಣೆಗೆ ತಂದು ಮತ್ತೆ ಚಳಿಗೆ ಒಯ್ಯಬೇಡಿ, ನಳಿಗೆಯೊಳಗೆ ಹನಿ ಕಟ್ಟುತ್ತದೆ. ರಾತ್ರಿ ಕೇಪು ತೆಗೆದು, ಮಕ್ಕಳ ಕೈಗೆ ಸಿಗದ ತಣ್ಣನೆಯ ಜಾಗದಲ್ಲಿ ಬೀಗ ಹಾಕಿಡಿ. ಈಡು ಹಾರಿದ ಮೇಲೆ ಹೊಗೆಯಲ್ಲಿ ಏನೂ ಕಾಣುವುದಿಲ್ಲ, ಪ್ರಾಣಿ ಬಿದ್ದಿತೋ ಓಡಿತೋ ತಿಳಿಯುವುದಿಲ್ಲ. ಓಡಬೇಡಿ, ನಿಂತಲ್ಲೇ ಮತ್ತೆ ಮದ್ದು ಜಡಿದು, ಅದು ಕೊನೆಯದಾಗಿ ನಿಂತಿದ್ದ ಪೊದೆಯನ್ನು ಕಣ್ಣಿಟ್ಟುಕೊಂಡು, ಅರ್ಧ ಗಂಟೆ ಕಾದು, ಹಿಮದ ಮೇಲಿನ ರಕ್ತದ ಜಾಡು ಹಿಡಿಯಿರಿ. ಜಾಡು ಸಿಕ್ಕರೆ ಕತ್ತಲಾಗುವವರೆಗೂ ಬಿಡಬೇಡಿ, ಬೆಳಗ್ಗೆ ಮತ್ತೆ ಅಲ್ಲಿಂದಲೇ ಮುಂದುವರಿಸಿ.